ಅಂಜದೀವದ ಮರೆಯಲ್ಲಿ
(ಶಾಲೆಯ ಸ್ನೇಹಸಮ್ಮೇಳನದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ನಮ್ಮ ಕರಣಕೋಟದ ಮಕ್ಕಳಿಗೆ ಕಡಲೆಂಬುದು ಪುಸ್ತಕದೊಳಗಿನ ಶಬ್ದ. ಮಳೆಗಾಲದ ಕಾಗಿಣೆಯ ರಾಡಿನೀರೇ ಅವರು ಕಂಡ ದೊಡ್ಡ ನೀರು. ಆದರೆ ನಾವು ಮನೆಯೊಳಗೆ ಹಾಸುವ ತಾಂಡೂರಿನ ಕಲ್ಲು ಕೂಡ ಅತಿ ಪುರಾತನವಾದೊಂದು ಕಡಲ ತಳದಲ್ಲಿ ಪದರುಪದರಾಗಿ ನೆಲೆನಿಂತ ಕೆಸರೇ ಆಗಿದೆ. ಆದ್ದರಿಂದ ಕಡಲು ನಮಗೆ ತೀರ ಪರಕೀಯವಲ್ಲವೆಂಬ ಧೈರ್ಯದಿಂದ, ಹಾಯಿದೋಣಿಗಳ ಕಾಲದ ಒಂದು ದಿನವನ್ನು ನಿಮ್ಮ ಕಣ್ಣಮುಂದೆ ಇಡುತ್ತೇನೆ. ಹೊರಡುವುದು ಕಾರವಾರದಿಂದ, ತಲುಪುವುದು ಅದರ ದಕ್ಷಿಣಕ್ಕಿರುವ ಅಂಜದೀವ ದ್ವೀಪಕ್ಕೆ.

ಮಳೆಗಾಲ ಮುಗಿದ ಮೇಲೆ ಆ ತೀರದಲ್ಲಿ ಗಾಳಿಗೊಂದು ನಿಯಮವುಂಟು. ನೆಲವು ಬೇಗನೆ ಕಾಯುತ್ತದೆ, ಬೇಗನೆ ಆರುತ್ತದೆ, ನೀರು ನಿಧಾನಿ. ರಾತ್ರಿ ನೆಲ ತಣ್ಣಗಾದಾಗ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಮಧ್ಯಾಹ್ನ ನೆಲ ಕಾದಾಗ ಕಡಲಿನಿಂದ ನೆಲಕ್ಕೆ ತಿರುಗುತ್ತದೆ. ಆದುದರಿಂದ ಅಂಬಿಗನು ನಸುಕಿನಲ್ಲಿಯೇ ಹಾಯಿ ಎತ್ತುವನು. ಗುಡ್ಡದ ಮೂಗನ್ನು ಬಳಸಿ ದಕ್ಷಿಣಕ್ಕೆ ಸಾಗುವಾಗ ನೆಲಗಾಳಿಯು ಅವನ ಎಡಗಡೆಗೆ. ಹೊತ್ತೇರಿದಂತೆ ಗಾಳಿ ಬೀಳುತ್ತದೆ, ಹಾಯಿ ಜೋಲುತ್ತದೆ; ಆಗ ಹುಟ್ಟುಹಾಕಲೇಬೇಕು. ಮಧ್ಯಾಹ್ನದ ಮೇಲೆ ಉತ್ತರಕ್ಕೆ ಮರಳುವಾಗ ಕಡಲಗಾಳಿಯೂ ಅವನ ಎಡಗಡೆಗೇ! ಏಕೆಂಬುದನ್ನು ಮಕ್ಕಳು ಮನೆಗೆ ಹೋಗಿ ನಕ್ಷೆ ಬರೆದು ನೋಡಲಿ.

ಅಂಜದೀವವು ಸುಮಾರು ಒಂದೂವರೆ ಕಿಲೋಮೀಟರು ಉದ್ದದ ದ್ವೀಪ. ತೆರೆಗಳೆಲ್ಲ ಅದರ ಪಶ್ಚಿಮದ ಬಂಡೆಗಳಿಗೆ ಬಡಿಯುತ್ತವೆ. ನೆಲದ ಕಡೆಯ ಮಗ್ಗುಲು ಗಾಳಿಮರೆಯಾಗಿ ಶಾಂತವಾಗಿರುತ್ತದೆ. ಲಂಗರು ಇಳಿಸಲು ಅದೇ ತಾಣ. 1498ರಲ್ಲಿ ವಾಸ್ಕೋ ಡ ಗಾಮನು ಸ್ವದೇಶಕ್ಕೆ ಮರಳುವ ಮುನ್ನ ಇಲ್ಲಿಯೇ ಹಡಗು ನಿಲ್ಲಿಸಿ ಸಿಹಿನೀರು ತುಂಬಿಕೊಂಡನು. 1505ರಲ್ಲಿ ಪೋರ್ತುಗೀಜರು ಕೋಟೆಯನ್ನೂ ಕಟ್ಟಿದರು. ಮರುವರ್ಷವೇ ಅದನ್ನು ಬಿಟ್ಟುಕೊಟ್ಟರು.

ಹಡಗಿಗೆ ಹಿತವಾದ ತಾಣವು ಮನುಷ್ಯನಿಗೂ ಹಿತವೆಂದು ಹೇಳಲಾಗದು. ಮುಂಬಯಿಯು ವಿವಾಹದ ಒಪ್ಪಂದದಿಂದ ಇಂಗ್ಲೆಂಡಿನ ದೊರೆಗೆ ಬಂದಾಗ, ಅದನ್ನು ವಶಪಡಿಸಿಕೊಳ್ಳಲು ಅಬ್ರಹಾಂ ಶಿಪ್‌ಮನ್ ಎಂಬವನು 400ಕ್ಕೂ ಮಿಕ್ಕ ಸೈನಿಕರೊಡನೆ ಬಂದನು. ಅಲ್ಲಿಯ ಪೋರ್ತುಗೀಜ ಅಧಿಕಾರಿಗಳು ಊರು ಬಿಟ್ಟುಕೊಡಲಿಲ್ಲ. ಸೈನಿಕರು ಈ ದ್ವೀಪದಲ್ಲಿ ಕಾಯುತ್ತ ಉಳಿದರು. ಮಳೆಗಾಲಗಳೂ ಅಲ್ಲಿಯೇ ಕಳೆದವು. ರೋಗ ಹಬ್ಬಿತು. 1664ರಲ್ಲಿ ಶಿಪ್‌ಮನ್ನನೂ ತೀರಿಕೊಂಡನು. ಮುಂದಿನ ವರ್ಷ ಮುಂಬಯಿಯನ್ನು ಸೇರಿದವರು ನೂರರ ಆಸುಪಾಸಿನಷ್ಟೇ. ಯುದ್ಧದಲ್ಲಿ ಸತ್ತವರ ಹೆಸರು ಚರಿತ್ರೆಯಲ್ಲಿ ಎಲ್ಲಿಯಾದರೂ ಸಿಕ್ಕೀತು. ಕಾದು ಸತ್ತ ಈ ಬಡ ಸಿಪಾಯಿಗಳನ್ನು ಯಾರು ಎಣಿಸಿದರು?

1961ರ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಯಾದಾಗ ಈ ದ್ವೀಪದಲ್ಲಿಳಿದ ನಮ್ಮ ನೌಕಾಪಡೆಯ ಏಳು ಮಂದಿ ಪ್ರಾಣವಿತ್ತರು. ಈಗ ಅಲ್ಲಿ ಕದಂಬ ನೌಕಾನೆಲೆಯುಂಟು. ದ್ವೀಪವನ್ನು ಕಲ್ಲಿನ ಅಡ್ಡಗಟ್ಟೆಯಿಂದ ನೆಲಕ್ಕೆ ಜೋಡಿಸಿದ್ದಾರೆ. ಅಂದು ಹಾಯಿಯವರು ಹುಡುಕಿಕೊಂಡು ಬಂದ ಅದೇ ಗಾಳಿಮರೆಯನ್ನು ಇಂದು ಉಕ್ಕಿನ ಹಡಗುಗಳು ಬಳಸುತ್ತಿವೆ.

ಸಾರ್ವಜನಿಕರಿಗೆ ಅಲ್ಲಿ ಪ್ರವೇಶವಿಲ್ಲ. ಮೀನುಗಾರರ ದೋಣಿಗಳಿಗೂ ಈಗ ಯಂತ್ರ ಬಂದಿದೆ. ಆದರೆ ಕಾರವಾರದ ಮರಳಿನ ಮೇಲೆ ನಸುಕಿನಲ್ಲೊಮ್ಮೆ, ಮಧ್ಯಾಹ್ನದಲ್ಲೊಮ್ಮೆ ನಿಂತು ಗಾಳಿಗೆ ಮುಖವೊಡ್ಡಿದರೆ ಸಾಕು. ಅದು ತಿರುಗಿದ್ದು ತಾನಾಗಿ ತಿಳಿಯುತ್ತದೆ.