ಅಕ್ಷರವುಳಿದರೆ ಹಕ್ಕು ಉಳಿದೀತು
(ಗುಮ್ಮಘಟ್ಟದ ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಎಲ್ಲೆಯನ್ನು ಕುರಿತ ಹಳೆಯ ವಾದವನ್ನು ಮತ್ತೆ ಹೂಡಲು ನಾವು ಇಲ್ಲಿಗೆ ಬಂದಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಸ್ಥಾಪನೆಯಾದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಆ ನೋವನ್ನು ನಮ್ಮ ಹಿರಿಯರು ಉಂಡರು. ಇಂದು ನಮ್ಮೆದುರಿಗಿರುವ ಪ್ರಶ್ನೆ ಮಕ್ಕಳದು. ಮನೆಯಲ್ಲಿ ಕನ್ನಡವಾಡುವ ಮಗು ಶಾಲೆಯಲ್ಲಿ ಕನ್ನಡದ ಅಕ್ಷರವನ್ನು ಕಲಿಯುವುದೋ, ಇಲ್ಲವೋ?

“ಕನ್ನಡ ಓದಿದರೆ ಕೆಲಸ ಸಿಕ್ಕೀತೇ?” ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಅಭಿಮಾನವನ್ನು ಬದಿಗಿಟ್ಟು, ಅನ್ನದ ದೃಷ್ಟಿಯಿಂದಲೇ ವಿಚಾರ ಮಾಡೋಣ.

ಕರ್ನಾಟಕದಲ್ಲಿ ವೃತ್ತಿ ಶಿಕ್ಷಣದ ಪ್ರವೇಶಕ್ಕಾಗಿ ನಡೆಯುವ ಸಿ.ಇ.ಟಿ.ಯ ನಿಯಮಗಳಲ್ಲಿ ‘ಗಡಿನಾಡು ಕನ್ನಡಿಗ’ರಿಗೆ ಅವಕಾಶವಿದೆ. ಆದವಾನಿ, ಆಲೂರು, ರಾಯದುರ್ಗ, ಮಡಕಶಿರಾ ತಾಲ್ಲೂಕುಗಳನ್ನು ಅಲ್ಲಿ ಹೆಸರಿಸಲಾಗಿದೆ. ಏಳು ವರ್ಷಗಳ ಷರತ್ತಿನ ಜೊತೆಗೆ, ಕನ್ನಡ ಭಾಷೆಯ ಪರೀಕ್ಷೆಯಲ್ಲಿಯೂ ಅಭ್ಯರ್ಥಿಯು ತೇರ್ಗಡೆಯಾಗಬೇಕು. ಅಜ್ಜಿಯ ಬಾಯಿಂದ ಕಲಿತ ಮಾತು ಅಲ್ಲಿ ಸಾಲದು. ಓದಿ ಬರೆಯಲು ಬರಬೇಕು. ಬಾಗಿಲು ತೆರೆದಿದೆ, ಆದರೆ ಅಕ್ಷರವಿಲ್ಲದವನಿಗೆ ಅದು ಮುಚ್ಚಿದ್ದಕ್ಕೆ ಸಮ.

ಉದ್ಯೋಗದ ಸಂಗತಿಯನ್ನೂ ಮರೆಮಾಚದೆ ಹೇಳುತ್ತೇವೆ. 2024ರ ಜುಲೈ ತಿಂಗಳಲ್ಲಿ ಕರ್ನಾಟಕದ ಸಚಿವ ಸಂಪುಟವು ಖಾಸಗಿ ಉದ್ದಿಮೆಗಳಲ್ಲಿ ಸ್ಥಳೀಯರಿಗೆ ಕೆಲಸವನ್ನು ಮೀಸಲಿಡುವ ಮಸೂದೆಗೆ ಒಪ್ಪಿಗೆಯಿತ್ತು, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ಅದರಂತೆ ಸ್ಥಳೀಯನೆಂದರೆ ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ನೆಲಸಿ, ಕನ್ನಡ ಬಲ್ಲವನು. ಗುಮ್ಮಘಟ್ಟದಲ್ಲಿ ಹುಟ್ಟಿದ ಕನ್ನಡಿಗನಿಗೆ ಆ ಮಾತಿನಲ್ಲಿ ಎಡೆಯಿರಲಿಲ್ಲ. ಓದಿಗೆ ನಮ್ಮವನೆಂದು ಕರೆದವನನ್ನು ದುಡಿಮೆಗೆ ಪರಕೀಯನೆನ್ನುವುದು ತರವಲ್ಲವೆಂದು ನಾವು ಕರ್ನಾಟಕದ ಸರ್ಕಾರಕ್ಕೂ ಹೇಳಬೇಕಾಗಿದೆ.

ಕಾನೂನು ನಮಗೆ ಪ್ರತಿಕೂಲವಾಗಿಲ್ಲ. 1956ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಅಲ್ಪಸಂಖ್ಯಾತ ಭಾಷಿಕರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. 2019ರಲ್ಲಿ ಆಂಧ್ರಪ್ರದೇಶ ಸರ್ಕಾರವು ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನು ಕಡ್ಡಾಯಗೊಳಿಸಲು ಹೊರಡಿಸಿದ ಆಜ್ಞೆಯನ್ನು ಅಲ್ಲಿನ ಉಚ್ಚ ನ್ಯಾಯಾಲಯವು 2020ರ ಏಪ್ರಿಲ್ 15ರಂದು ರದ್ದುಗೊಳಿಸಿತು. ಮಾಧ್ಯಮದ ಆಯ್ಕೆ ಮಗುವಿನದು, ಅದರ ಪರವಾಗಿ ಪಾಲಕರದು ಎಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿಯೇ ಹೇಳಿತ್ತು. ಆಯ್ಕೆ ನಮ್ಮದಾದ ಮೇಲೆ ಹೊಣೆಯೂ ನಮ್ಮದೇ.

ತೆಲುಗನ್ನು ದೂರವಿಡಿರೆಂದು ನಾವು ಹೇಳುವುದಿಲ್ಲ. ಅದು ನೆರೆಹೊರೆಯವರ ನುಡಿ, ಕಚೇರಿಯ ನುಡಿ. ಇಂಗ್ಲಿಷೂ ಬೇಕು. ಮೂರನ್ನೂ ಕಲಿಯಲಿ, ಮೊದಲ ಅಕ್ಷರ ಮಾತ್ರ ತಾಯಿನುಡಿಯದಾಗಲಿ.

ಆದುದರಿಂದ ಮೂರು ಕೆಲಸಗಳನ್ನು ನಿಮ್ಮ ಮುಂದಿಡುತ್ತೇವೆ. ಜೂನ್ ತಿಂಗಳಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ದಾಖಲಾತಿಯಲ್ಲಿ ತಾಯಿನುಡಿ ಕನ್ನಡವೆಂದೇ ಬರೆಸಿರಿ. ವ್ಯಾಸಂಗದ ಪತ್ರಗಳನ್ನು ಜೋಪಾನವಾಗಿಡಿರಿ. ಕನ್ನಡದ ಉಪಾಧ್ಯಾಯರಿಲ್ಲದ ಕಡೆ ಪಾಲಕರೆಲ್ಲರೂ ಸಹಿ ಮಾಡಿ ಲಿಖಿತ ಮನವಿಯನ್ನು ಸಲ್ಲಿಸಿರಿ. ಉಪಾಧ್ಯಾಯರು ಬರುವವರೆಗೆ ಊರಿನ ಗುಡಿಯ ಜಗಲಿಯ ಮೇಲೆ ಸಂಜೆ ಒಂದು ಗಂಟೆ ಅಕ್ಷರ ಕಲಿಸಿರಿ. ಬಲ್ಲವರು ಪ್ರತಿ ಊರಿನಲ್ಲಿಯೂ ಇದ್ದಾರೆ.

ಚಿತ್ರದುರ್ಗದ ಸೀಮೆಯಿಂದ ಹರಿದು ಬರುವ ವೇದಾವತಿಗೆ ಭೈರವಾನಿತಿಪ್ಪದಲ್ಲಿ ಕಟ್ಟೆ ಕಟ್ಟಿದ್ದಾರೆ. ಕಟ್ಟೆ ತುಂಬಿದರೂ ತೂಬು ತೆರೆಯದೆ ಹೊಲಕ್ಕೆ ನೀರು ಹಾಯದು. ಮನೆಯಲ್ಲಾಡುವ ಕನ್ನಡವು ತುಂಬಿದ ನೀರು. ಶಾಲೆಯೇ ಅದರ ತೂಬು. ಅದು ಹೂಳದಂತೆ ನೋಡಿಕೊಳ್ಳೋಣ.