ತುರುವಿನ ಕಾವಲು, ಕಾರಿನ ಕಾವಲು



ಧರ್ಮಪುರಿಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ನಮ್ಮ ಸೀಮೆಯ ವೀರಗಲ್ಲುಗಳನ್ನು ಕಾಪಾಡಿ ಇರಿಸಿದ್ದಾರೆ. ಈ ಸೀಮೆಯ ಅನೇಕ ವೀರಗಲ್ಲುಗಳು ತುರುಗೋಳಿನಲ್ಲಿ ಹಸುಗಳಿಗಾಗಿ ಕಾದಿ ಮಡಿದವರ ನೆನಪಿಗೆ ನಿಲ್ಲಿಸಿದವು. ಅಂದು ದನವೇ ಧನವಾಗಿತ್ತು.

ಇಂದು ಹಟ್ಟಿಯ ಸ್ಥಾನದಲ್ಲಿ ಕಾರು ನಿಂತಿದೆ. ಹಲವು ಮನೆಗಳಲ್ಲಿ ಅದು ವರ್ಷಗಳ ಉಳಿತಾಯದ ಫಲ, ಸಾಲವಿನ್ನೂ ತೀರಿರುವುದಿಲ್ಲ. ಆದರೂ ಹೊಗೆನಕಲ್ಲಿನ ದಾರಿಯಲ್ಲಿ, ಕೀಲಿಯನ್ನು ಕಾರಿನಲ್ಲೇ ಬಿಟ್ಟು ಅಂಗಡಿಗೆ ಇಳಿಯುವವರನ್ನು ಕಾಣುತ್ತೇವೆ.

ಕಳ್ಳರ ವಿದ್ಯೆಯೂ ಬೆಳೆದಿದೆ. ಗುಂಡಿ ಒತ್ತಿ ಚಾಲೂ ಮಾಡುವ ಕಾರಿಗೂ ಅದರ ಕೀಲಿಗೂ ನಡುವಣ ರೇಡಿಯೋ ಸಂಕೇತವನ್ನು ಯಂತ್ರದಿಂದ ದೂರಕ್ಕೆ ಹಾಯಿಸಿ, ಕೀಲಿ ಮನೆಯೊಳಗಿರುವಾಗಲೇ ಕಾರನ್ನು ಒಯ್ಯಬಲ್ಲರು. ಅಂಥ ಕೀಲಿಯನ್ನು ಬಾಗಿಲ ಬಳಿ ತೂಗುಹಾಕದೆ, ಬಿಗಿಮುಚ್ಚಳದ ಲೋಹದ ಡಬ್ಬಿಯಲ್ಲಿ ಇಡುವುದು ಲೇಸು. ಸ್ಟಿಯರಿಂಗಿಗೆ ಹಾಕುವ ಕಬ್ಬಿಣದ ಬೀಗ ಹಳೆಯ ಉಪಾಯವಾದರೂ ಕಳ್ಳನ ಹೊತ್ತನ್ನು ಕಳೆಯುತ್ತದೆ. ವಿಮೆಯವರು ಸಾಮಾನ್ಯವಾಗಿ ಎರಡೂ ಕೀಲಿಗಳನ್ನು ಕೇಳುವುದರಿಂದ ಎರಡನೆಯದನ್ನು ಮನೆಯಲ್ಲಿ ಜೋಪಾನವಾಗಿಡಬೇಕು. ಕಳವಾದರೆ ತಡಮಾಡದೆ 112ಕ್ಕೆ ಕರೆಮಾಡಿ ಪೊಲೀಸರಿಗೆ ತಿಳಿಸಬೇಕು. ಆದರೆ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚುವುದಕ್ಕಿಂತ ಮುನ್ನೆಚ್ಚರಿಕೆಯೇ ಮೇಲಲ್ಲವೆ?

ಬೀಗಕ್ಕಿಂತ ದೊಡ್ಡ ಕಾವಲು ನೆರೆಮನೆಯ ಕಣ್ಣು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ತೆಲುಗು ಆಡಿ ಬಾಳುವ ನಾವು, ನೆರೆಯವರ ಕಾರಿನ ಬಳಿ ಅಪರಿಚಿತರು ಸುಳಿದಾಡಿದರೆ ಯಾವ ಭಾಷೆಯಲ್ಲಾದರೂ ಒಂದು ಮಾತು ವಿಚಾರಿಸೋಣ. ವೀರಗಲ್ಲಿನ ವೀರನು ಊರ ಹಸುಗಳಿಗಾಗಿ ಪ್ರಾಣವನ್ನೇ ಕೊಟ್ಟನು. ನಮ್ಮಿಂದ ಕಾಲವು ಬೇಡುವುದು ಇಷ್ಟು ಎಚ್ಚರವನ್ನು ಮಾತ್ರ.