ಆಹಾರದ ಹೊಣೆ ಯಾರದು?

(ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಿದ್ಯೆಯ ವಿಚಾರವನ್ನು ಆಡಬೇಕಾದ ಈ ವೇದಿಕೆಯಲ್ಲಿ ತಿಂಡಿಯ ಮಾತನ್ನು ಎತ್ತಿಕೊಂಡುದಕ್ಕೆ ತಾವು ಆಶ್ಚರ್ಯಪಡಬಹುದು. ಆದರೆ ದೇಹವು ದೃಢವಾಗಿರದಿದ್ದರೆ ವಿದ್ಯೆಯು ನೆಲೆಗೊಳ್ಳುವುದೆಂತು?

ಒಂದು ಗ್ರಾಂ ಸಕ್ಕರೆಯು ದೇಹಕ್ಕೆ ಸುಮಾರು 4 ಕ್ಯಾಲೊರಿ ಶಕ್ತಿಯನ್ನು ಕೊಟ್ಟರೆ, ಅಷ್ಟೇ ತೂಕದ ಎಣ್ಣೆಯು 9 ಕ್ಯಾಲೊರಿಯನ್ನು ಕೊಡುತ್ತದೆ. ಆದುದರಿಂದ ಕರಿದ ತಿಂಡಿಯೂ ಸಿಹಿ ಪಾನೀಯವೂ ಸೇರಿದರೆ, ಹೊಟ್ಟೆ ತುಂಬುವ ಮೊದಲೇ ಅಗತ್ಯಕ್ಕಿಂತ ಹೆಚ್ಚಿನ ಶಕ್ತಿಯು ಮೈಸೇರಿ ಬೊಜ್ಜಾಗುತ್ತದೆ. ತಪ್ಪು ತಿಂದವನದೋ, ಮಾರಿದವನದೋ?

ಈ ಪ್ರಶ್ನೆಯು 2002ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದ ಮುಂದೆ ಬಂದಿತು. ಮ್ಯಾಕ್‌ಡೊನಾಲ್ಡ್ಸ್ ಕಂಪೆನಿಯ ತಿಂಡಿಗಳಿಂದ ತಮ್ಮ ಮಕ್ಕಳು ಸ್ಥೂಲಕಾಯರಾದರೆಂದು ಪೋಷಕರು ದಾವೆ ಹೂಡಿದ್ದರು. 2003ರ ಜನವರಿಯಲ್ಲಿ ನ್ಯಾಯಾಧೀಶ ರಾಬರ್ಟ್ ಸ್ವೀಟ್ ಅವರು ಆ ದೂರನ್ನು ತಳ್ಳಿಹಾಕಿದರು. ಅತಿಯಾಗಿ ತಿಂದರೆ ಕೆಡುಕೆಂದು ಬಲ್ಲವನನ್ನು ಅವನ ಅತಿಯಿಂದ ಕಾಪಾಡುವುದು ಕಾನೂನಿನ ಕೆಲಸವಲ್ಲವೆಂದು ಅವರ ಅಭಿಪ್ರಾಯ. ಆದರೆ ಮನೆಯಡುಗೆಯಲ್ಲಿ ಬಳಸದ ವಸ್ತುಗಳನ್ನು ಬೆರೆಸಿ, ಸಾಮಾನ್ಯ ಜನರಿಗೆ ತಿಳಿಯದ ಅಪಾಯವನ್ನು ಉಂಟುಮಾಡಿದ್ದರೆ ಮಾರುವವನನ್ನು ಪ್ರಶ್ನಿಸಲು ಅವಕಾಶವುಂಟೆಂದೂ ಅವರು ಸೂಚಿಸಿದರು. ಅರಿವಿದ್ದಲ್ಲಿ ಹೊಣೆಯುಂಟು ಎಂಬುದೇ ಇದರ ಸಾರ. 2008ರಲ್ಲಿ ಅದೇ ನಗರವು, ಅನೇಕ ಶಾಖೆಗಳುಳ್ಳ ಹೋಟೆಲುಗಳು ತಿಂಡಿಯ ಪಟ್ಟಿಯಲ್ಲಿ ಕ್ಯಾಲೊರಿಯನ್ನೂ ನಮೂದಿಸಬೇಕೆಂದು ವಿಧಿಸಿದುದು ಈ ನ್ಯಾಯಕ್ಕೆ ಒಪ್ಪುವಂಥದು.

ಕಾಸರಗೋಡಿನವರಾದ ನಮಗೂ ಇದು ದೂರದ ಮಾತಲ್ಲ. ಕೇರಳ ಸರಕಾರವು 2016ರಲ್ಲಿ ಹೆಸರಾಂತ ಕಂಪೆನಿಗಳ ಹೋಟೆಲುಗಳ ಪಿಜ್ಜಾ, ಬರ್ಗರ್‌ಗಳ ಮೇಲೆ ಶೇಕಡಾ 14.5ರ ತೆರಿಗೆಯನ್ನು ಹಾಕಿತು, 2017ರಲ್ಲಿ ಜಿ.ಎಸ್.ಟಿ. ಬಂದಾಗ ಅದು ಕೊನೆಗೊಂಡಿತು. ಆದರೆ ಎಣ್ಣೆಗೆ ಕಂಪೆನಿಯ ಭೇದವಿಲ್ಲ. ನಮ್ಮ ಗೋಳಿಬಜೆಯೂ ಅತಿಯಾದರೆ ಅದೇ ಫಲವನ್ನು ಕೊಡುತ್ತದೆ.

ಬಲ್ಲವನಿಗೆ ಹೊಣೆಯೆಂದಾಯಿತು. ಆದರೆ ಏಳೆಂಟು ವರ್ಷದ ಮಗುವು ಏನನ್ನು ಬಲ್ಲುದು? ಅದು ಪೊಟ್ಟಣದ ಬಣ್ಣವನ್ನೂ ಒಳಗಿನ ಆಟಿಕೆಯನ್ನೂ ನೋಡುತ್ತದೆ. ಅದರ ಹೊಣೆಯನ್ನು ಹಿರಿಯರು ಹಂಚಿಕೊಳ್ಳಲೇಬೇಕು. ಕೊಬ್ಬು, ಸಕ್ಕರೆ, ಉಪ್ಪು ಅಧಿಕವಾಗಿರುವ ತಿನಿಸುಗಳನ್ನು ಶಾಲೆಯೊಳಗೂ ಶಾಲೆಯ ಬಾಗಿಲಿನಿಂದ 50 ಮೀಟರ್ ಅಂತರದೊಳಗೂ ಮಕ್ಕಳಿಗೆ ಮಾರಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2020ರಲ್ಲಿ ನಿಯಮಿಸಿದೆ. ಜಾಹೀರಾತಿಗೂ ಅಲ್ಲಿ ಎಡೆಯಿಲ್ಲ. ನಮ್ಮ ಸಂಘವು ದಾನಿಗಳ ಔದಾರ್ಯದಿಂದ ನಡೆಯುತ್ತಿರುವುದು ನಿಜ. ಆದರೂ ಇಂತಹ ತಿನಿಸುಗಳ ವ್ಯಾಪಾರಿಗಳು ಆಟೋಟದ ಬಹುಮಾನಗಳನ್ನು ಹೊತ್ತು ಬಂದರೆ, ವಿನಯದಿಂದಲೇ ಒಲ್ಲೆವೆನ್ನಬೇಕೆಂದು ಆಡಳಿತ ಮಂಡಳಿಯಲ್ಲಿ ನನ್ನ ವಿಜ್ಞಾಪನೆ.

ಈ 50 ಮೀಟರನ್ನು ಶಾಲೆಯು ಕಾಯುತ್ತದೆ. ಅಲ್ಲಿಂದ ಮನೆಯವರೆಗಿನ ದಾರಿಯನ್ನು ಕಾಯಬೇಕಾದವರು ತಾವು. ಮಗುವಿನ ಕೈಗೆ ಚಿಲ್ಲರೆಯನ್ನು ಕೊಡುವ ಬದಲು ಅವಲಕ್ಕಿಯನ್ನೋ ಬಾಳೆಹಣ್ಣನ್ನೋ ಬುತ್ತಿಯಲ್ಲಿಟ್ಟು ಕಳುಹಿಸಿರೆಂದು ಪ್ರಾರ್ಥಿಸಿ, ನನ್ನ ಮಾತನ್ನು ಮುಗಿಸುತ್ತೇನೆ.